ಉಪ್ಪು ಕೆರೆಯುವ ಕೆಲಸ

ಬೋರ್‌ವೆಲ್ ನೀರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊಸ ಗೀಸರ್ ಹಾಕಿಸಿ ಎರಡು ವರ್ಷ ಆಗೋದರೊಳಗೆ ನೀರು ಕಾಯೋದು ನಿಧಾನ ಆಗುತ್ತೆ, ಕರೆಂಟ್ ಬಿಲ್ ಮೇಲೇರುತ್ತೆ, ಒಂದು ದಿನ ಕಾಯಿಲ್ಲೇ ಸುಟ್ಟುಹೋಗುತ್ತೆ. ರಿಪೇರಿಗೆ ಬಂದ ಹುಡುಗ ಅದನ್ನು ಹೊರಗೆಳೆದು ತೋರಿಸಿದರೆ ಕಾಯಿಲ್ ಕಾಣೋದೇ ಇಲ್ಲ. ಅದರ ಮೇಲೆ ಬೆರಳು ದಪ್ಪದ ಬಿಳಿ ಹಕ್ಕಳೆ ಕೂತಿರುತ್ತೆ. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಸುಣ್ಣದ ಚೂರುಗಳು ಬಕೆಟ್ ತುಂಬ ಉದುರುತ್ತವೆ.

ಈಗ ಆ ಕಾಯಿಲ್ಲಿನ ಜಾಗದಲ್ಲಿ ಒಂದು ರೂಮಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ ಇದೆ ಅಂದ್ಕೊಳ್ಳಿ. ಒಳಗೆ ಬೋರ್‌ವೆಲ್ ನೀರಲ್ಲ, ಸಮುದ್ರದ ನೀರು. ಕೆಳಗೆ ಹಗಲು ರಾತ್ರಿ ಕಲ್ಲಿದ್ದಲು ಉರೀತಾ ಇದೆ. ಪೆಟ್ಟಿಗೆ ಇರೋದು ಅರಬ್ಬೀ ಸಮುದ್ರದ ಮಧ್ಯೆ ಹೋಗ್ತಿರೋ ಮರದ ಹಡಗಿನ ಹೊಟ್ಟೆಯಲ್ಲಿ. ಅಲ್ಲಿ ಹಕ್ಕಳೆ ಕಟ್ಟಿ ಕಬ್ಬಿಣ ಸುಟ್ಟುಹೋದರೆ ಆಪ್ ತೆಗೆದು ಟೆಕ್ನಿಷಿಯನ್ ಬುಕ್ ಮಾಡೋಕಾಗಲ್ಲ.

1841ರಿಂದ 1857ರವರೆಗೆ ಬೊಂಬಾಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸ್ಟೀಮ್ ಹಡಗುಗಳ ಈ ತಲೆನೋವನ್ನು ಹೊತ್ತವರು ಅರ್ದೇಶಿರ್ ಕರ್ಸೆಟ್‌ಜಿ ವಾಡಿಯಾ. ಕೆಲಸದ ಜಾಗದ ಹೆಸರು ಬೊಂಬಾಯಿ ಸ್ಟೀಮ್ ಫ್ಯಾಕ್ಟರಿ. ಹುದ್ದೆ ಚೀಫ್ ಇಂಜಿನಿಯರ್ ಮತ್ತು ಇನ್‌ಸ್ಪೆಕ್ಟರ್ ಆಫ್ ಮೆಷಿನರಿ. ಅವರ ಹೆಸರು ಹುಡುಕಿದರೆ ಮೊದಲು ಸಿಗೋದು ಇನ್ನೊಂದು ಸಾಲು: ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯ. ಶ್ರೀನಿವಾಸ ರಾಮಾನುಜನ್ ಅವರಿಗಿಂತ 77 ವರ್ಷ ಮೊದಲು!

ಆ ಸಾಲು ನಿಜ. ಕ್ವಿಜ್‌ನಲ್ಲಿ ಉಪಯೋಗಕ್ಕೂ ಬರುತ್ತೆ. ಆದರೆ ನನಗೆ ಕುತೂಹಲ ಇರೋದು ಆ ಸಾಲಿನ ಪಕ್ಕದಲ್ಲಿ ಯಾರೂ ಬರೆಯದ 16 ವರ್ಷಗಳ ಮೇಲೆ. ಬೇರೆಯವರು ಕಟ್ಟಿದ ಎಂಜಿನ್ನುಗಳನ್ನು ಓಡುವ ಸ್ಥಿತಿಯಲ್ಲಿ ಇಡೋದು, ಅದನ್ನೂ ತನ್ನ ಯೋಗ್ಯತೆಯ ಬಗ್ಗೆ ಮೊದಲೇ ಅನುಮಾನ ಇಟ್ಟುಕೊಂಡವರ ಕೈಯಲ್ಲಿ ಮಾಡಿಸೋದು. ನಮ್ಮಲ್ಲಿ ಬಹಳ ಮಂದಿಗೆ ಈ ಕೆಲಸ ಪರಿಚಯದ್ದೇ.

*

ಮೊದಲು ಮನೆತನದ ಕಥೆ, ಚುಟುಕಾಗಿ. ವಾಡಿಯಾ ಅಂದರೆ ಹಡಗು ಕಟ್ಟುವವರು. ಲವ್‌ಜಿ ನುಸ್ಸರ್‌ವಾನ್‌ಜಿ ವಾಡಿಯಾ 1736ರಲ್ಲಿ ಸೂರತ್ತಿನಿಂದ ಬೊಂಬಾಯಿಗೆ ಬಂದರು. 1750ರಲ್ಲಿ ಅಲ್ಲಿ ಡ್ರೈ ಡಾಕ್ ಶುರುವಾಯ್ತು. ಡ್ರೈ ಡಾಕ್ ಅಂದರೆ ಹಡಗನ್ನು ಒಳಗೆ ತಂದು, ಬಾಗಿಲು ಮುಚ್ಚಿ, ನೀರೆಲ್ಲ ಖಾಲಿ ಮಾಡಿ, ತಳದ ಕೆಲಸ ಮಾಡುವ ಕಲ್ಲಿನ ಹೊಂಡ. ಅಲ್ಲಿಂದ ಮುಂದೆ ತಲೆಮಾರು ತಲೆಮಾರು ಅದೇ ಮನೆಯವರೇ ಅಲ್ಲಿ ಮಾಸ್ಟರ್ ಬಿಲ್ಡರ್.

ಅವರು ಹಡಗು ಕಟ್ಟುತ್ತಿದ್ದುದು ತೇಗದಲ್ಲಿ. ದಾಖಲೆಗಳಲ್ಲಿ 'ಮಲಬಾರ್ ತೇಗ' ಅಂತ ಬರುತ್ತೆ. ಆದರೆ ಬೊಂಬಾಯಿಯ ಡಾಕ್‌ಯಾರ್ಡಿಗೆ ನಮ್ಮ ಕೆನರಾ ಕಾಡುಗಳಿಂದಲೂ ಮರ ಹೋಗ್ತಿತ್ತು. ನಾನು ಹುಟ್ಟಿ ಬೆಳೆದದ್ದು ಉತ್ತರ ಕನ್ನಡದ ಕಡೆ. ಊರಿನ ಹಳಬರು ಯಾವುದೋ ಕಾಡಿನ ಕಡೆ ಕೈ ತೋರಿಸಿ 'ಅಲ್ಲಿದ್ದ ದೊಡ್ಡ ಸಾಗುವಾನಿ ಎಲ್ಲಾ ಹಡಗಿಗೆ ಹೋಯ್ತಡ' ಅನ್ನೋದನ್ನು ಚಿಕ್ಕವನಿದ್ದಾಗ ಕೇಳಿದ್ದೇನೆ. ಯಾವ ಹಡಗು, ಯಾರ ಹಡಗು ಅಂತ ಕೇಳುವ ಬುದ್ಧಿ ಆಗ ಇರಲಿಲ್ಲ. 1817ರಲ್ಲಿ ವಾಡಿಯಾಗಳು ತೇಗದಲ್ಲೇ ಕಟ್ಟಿದ 'ಟ್ರಿಂಕೋಮಲಿ' ಅನ್ನೋ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲೇ ನಿಂತಿದೆ, ಟಿಕೆಟ್ ತಗೊಂಡು ನೋಡಬಹುದು. ಇನ್ನೂರು ವರ್ಷ ದಾಟಿದ ಮರ!

ಅರ್ದೇಶಿರ್ ಹುಟ್ಟಿದ್ದು ಈ ಮನೆಯಲ್ಲಿ, 1808ರ ಅಕ್ಟೋಬರ್ 6ರಂದು. ಎಲ್ಲರ ಹಾಗೆ ಮರದ ಕೆಲಸ ಕಲಿತು, ಎಲ್ಲರ ಹಾಗೆ ಹಡಗು ಕಟ್ಟುವವರಾಗಬಹುದಿತ್ತು. ಅಷ್ಟರಲ್ಲಿ ಸ್ಟೀಮ್ ಬಂತು.

*

ಸ್ಟೀಮ್ ಬಂದಾಗ ಏನಾಯ್ತು ಅನ್ನೋದಕ್ಕೆ 'ಹ್ಯೂ ಲಿಂಡ್ಸೆ' ಹಡಗಿನ ಕಥೆ ಸಾಕು.

ಆಗ ಲಂಡನ್ನಿಂದ ಬೊಂಬಾಯಿಗೆ ಹಾಯಿ ಹಡಗಿನಲ್ಲಿ ಆಫ್ರಿಕಾ ಸುತ್ತಿ ಪತ್ರ ಬರೋಕೆ ನಾಲ್ಕು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಈಜಿಪ್ಟಿನ ಸೂಯೆಜ್‌ವರೆಗೆ ಸ್ಟೀಮ್ ಹಡಗು, ಅಲ್ಲಿಂದ ನೆಲದ ಮೇಲೆ ಮೆಡಿಟರೇನಿಯನ್, ಮತ್ತೆ ಹಡಗು ಅಂತ ಮಾಡಿದರೆ ಎಷ್ಟೋ ತಿಂಗಳು ಉಳಿಯುತ್ತೆ. ಸೂಯೆಜ್ ಕಾಲುವೆ ಇನ್ನೂ ಇಲ್ಲ, ಅದು 1869ಕ್ಕೆ ಬಂದದ್ದು. ಬೊಂಬಾಯಿ ಸರ್ಕಾರ ಈ ದಾರಿಯನ್ನು ಪರೀಕ್ಷೆ ಮಾಡೋಕೆ ಒಂದು ಹಡಗು ಕಟ್ಟಿಸಿತು. ಕಟ್ಟಿದವರು ವಾಡಿಯಾಗಳೇ. 411 ಟನ್. ತಲಾ 80 ಅಶ್ವಶಕ್ತಿಯ ಎರಡು ಎಂಜಿನ್ ಇಂಗ್ಲೆಂಡಿನಿಂದ ಬಂದವು. ಕಂಪನಿಯ ಚೇರ್ಮನ್ ಆಗಿದ್ದವರ ಹೆಸರನ್ನೇ ಹಡಗಿಗೂ ಇಟ್ಟರು.

1830ರ ಮಾರ್ಚ್ 20ರಂದು ಹ್ಯೂ ಲಿಂಡ್ಸೆ ಬೊಂಬಾಯಿಯಿಂದ ಹೊರಟಿತು. ತಮಾಷೆ ನೋಡಿ, ಹಡಗಿನಲ್ಲಿ ಕಲ್ಲಿದ್ದಲಿಗೆ ಜಾಗ ಮಾಡಿದ್ದದ್ದು ಐದೂವರೆ ದಿನಕ್ಕೆ. ಮೊದಲ ನಿಲ್ದಾಣ ಏಡನ್‌ಗೆ ಕಡಿಮೆ ಅಂದರೂ ಎಂಟು ದಿನ ಬೇಕು. ಡಿಸೈನ್ ರಿವ್ಯೂನಲ್ಲಿ ಯಾರೂ ಕೇಳಲಿಲ್ಲವೋ, ಕೇಳಿದವರ ಮಾತು ಯಾರೂ ಕೇಳಲಿಲ್ಲವೋ! ಕೊನೆಗೆ ಪ್ರಯಾಣಿಕರ ಕೋಣೆಗಳಲ್ಲಿ, ಡೆಕ್ ಮೇಲೆ, ಸಿಕ್ಕಿದ ಕಡೆಯೆಲ್ಲ ಕಲ್ಲಿದ್ದಲು ತುಂಬಿಕೊಂಡು, ನೀರಿನಲ್ಲಿ ಅರ್ಧ ಮುಳುಗಿದ ಹಾಗೆ ಹೋಯ್ತು. ಏಡನ್ ಮುಟ್ಟುವಾಗ ಕೆಲವೇ ಗಂಟೆಗಳಿಗೆ ಆಗುವಷ್ಟು ಕಲ್ಲಿದ್ದಲು ಉಳಿದಿತ್ತು. ಸೂಯೆಜ್ ತಲುಪಿದ್ದು ಏಪ್ರಿಲ್ 22ಕ್ಕೆ. ದಾರಿಯಲ್ಲಿ ಕಲ್ಲಿದ್ದಲು ತುಂಬೋದಕ್ಕೇ ಎಷ್ಟೋ ದಿನ ಹೋಯ್ತು.

ಆದರೂ ದಾರಿ ಇದೆ ಅನ್ನೋದು ಸಾಬೀತಾಯ್ತು. 1837ರ ಹೊತ್ತಿಗೆ 'ಅಟಲಾಂಟಾ', 'ಬೆರೆನೀಸ್' ಅನ್ನೋ ದೊಡ್ಡ ಸ್ಟೀಮರುಗಳು ಇಂಗ್ಲೆಂಡಿನಿಂದ ಬಂದವು. ಹಿಂದೆಯೇ ಇನ್ನಷ್ಟು. 1839ರ ಜನವರಿಯಲ್ಲಿ ಬೊಂಬಾಯಿಯಿಂದ ಹೋದ ಪಡೆ ಏಡನ್ನನ್ನೇ ಹಿಡಿದುಕೊಂಡಿತು. ಸ್ಟೀಮರಿಗೆ ಕಲ್ಲಿದ್ದಲು ಕೂಡಿಡಲು ಒಂದು ಬಂದರು ಬೇಕಾಗಿದ್ದದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಹೀಗೆ ನೋಡ್ತಾ ನೋಡ್ತಾ ಒಂದು ಪ್ರಯೋಗ ಹೋಗಿ ಒಂದು ಫ್ಲೀಟ್ ಆಯ್ತು. ಫ್ಲೀಟ್ ಅಂದ ಮೇಲೆ ಟೈಮ್‌ಟೇಬಲ್. ಟೈಮ್‌ಟೇಬಲ್ ಅಂದ ಮೇಲೆ, ಕೆಟ್ಟರೆ ಯಾರು ನೋಡ್ತಾರೆ ಅನ್ನೋ ಪ್ರಶ್ನೆ.

ಹಾಯಿ ಹಡಗು ಕೆಟ್ಟರೆ ಬೊಂಬಾಯಿಯಲ್ಲಿ ನೂರು ವರ್ಷದ ಅನುಭವ ಇದ್ದ ಬಡಗಿಗಳಿದ್ದರು. ಎಂಜಿನ್ ಕೆಟ್ಟರೆ? ಎಂಜಿನ್ ಇಂಗ್ಲೆಂಡಿನದ್ದು, ಕಲ್ಲಿದ್ದಲು ಇಂಗ್ಲೆಂಡಿನದ್ದು, ಇಂಜಿನಿಯರ್ ಇಂಗ್ಲೆಂಡಿನವನು.

*

ಅರ್ದೇಶಿರ್‌ಗೆ ಈ ಎಂಜಿನ್ ಹುಚ್ಚು ಹತ್ತಿದ್ದು ಸ್ವಂತ ಖರ್ಚಿನಲ್ಲಿ. ಒಂದು ಅಶ್ವಶಕ್ತಿಯ ಸಣ್ಣ ಸ್ಟೀಮ್ ಎಂಜಿನ್ ತಾವೇ ಮಾಡಿದರು. 1833ರಲ್ಲಿ 'ಇಂಡಸ್' ಅನ್ನೋ 60 ಟನ್ನಿನ ಹಡಗು ಕಟ್ಟಿ, ಅದಕ್ಕೆ ಇಂಗ್ಲೆಂಡಿನಿಂದ ತರಿಸಿದ ಎಂಜಿನ್ ಕೂರಿಸಿದರು. 1834ರಲ್ಲಿ ಮಜಗಾಂವ್‌ನ ತಮ್ಮ ಬಂಗಲೆಗೂ ತೋಟಕ್ಕೂ ಗ್ಯಾಸ್ ದೀಪ ಹಾಕಿಸಿದರು. ಗವರ್ನರ್ ಅರ್ಲ್ ಆಫ್ ಕ್ಲೇರ್ ಸಹ ಅದನ್ನು ನೋಡೋಕೆ ಬಂದರು. ಇದೆಲ್ಲ ಆದಾಗ ವಯಸ್ಸು ಇಪ್ಪತ್ತೈದರ ಆಸುಪಾಸು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಹಗಲು ಡಾಕ್‌ಯಾರ್ಡ್ ಕೆಲಸ, ಮಿಕ್ಕ ಹೊತ್ತು ಸೈಡ್ ಪ್ರಾಜೆಕ್ಟ್.

1839ರಲ್ಲಿ ಇಂಗ್ಲೆಂಡಿಗೆ ಹೊರಟರು, ಅದೇ ಕೆಂಪು ಸಮುದ್ರದ ದಾರಿಯಲ್ಲಿ. ಆ ಪ್ರಯಾಣದ ಡೈರಿ 1840ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂತು. ಹೋದದ್ದು ಊರು ನೋಡೋಕಲ್ಲ. ಥೇಮ್ಸ್ ದಂಡೆಯ ಲೈಮ್‌ಹೌಸ್‌ನಲ್ಲಿ ಸೀವರ್ಡ್ ಅನ್ನೋ ದೊಡ್ಡ ಎಂಜಿನ್ ಕಾರ್ಖಾನೆ ಇತ್ತು, ಹಡಗಿನ ಎಂಜಿನ್‌ಗೆ ಹೆಸರಾದದ್ದು. ಅಲ್ಲಿ ಕೆಲಸ ಕಲಿತರು. ಆಗ ಬೊಂಬಾಯಿಯ ಸ್ಟೀಮ್ ಫ್ಯಾಕ್ಟರಿಗೆ ಒಬ್ಬ ಮುಖ್ಯಸ್ಥ ಬೇಕಾಗಿತ್ತು. ಲಂಡನ್ನಿನಲ್ಲಿದ್ದ ಕಂಪನಿಯ ಡೈರೆಕ್ಟರುಗಳು ಆ ಹುದ್ದೆಯನ್ನು ಇವರಿಗೆ ಕೊಟ್ಟರು.

1841ರ ಏಪ್ರಿಲ್‌ನಲ್ಲಿ ಅಧಿಕಾರ ವಹಿಸಿಕೊಂಡರು. ಮೇ 27ರಂದು ಲಂಡನ್ನಿನ ರಾಯಲ್ ಸೊಸೈಟಿ ಇವರನ್ನು ಫೆಲೋ ಆಗಿ ಆರಿಸಿತು. ಗ್ಯಾಸ್ ದೀಪ, ಆ 60 ಟನ್ನಿನ ಹಡಗು ಎರಡೂ ಶಿಫಾರಸು ಪತ್ರದಲ್ಲಿದ್ದವು. ಆಯ್ಕೆಯ ದಿನ ಅವರು ಬೊಂಬಾಯಿಯಲ್ಲಿ ಕೆಲಸದ ಮೇಲಿದ್ದರು.

*

ಇಲ್ಲಿಂದ ಕಥೆ ನಮ್ಮ ಪರಿಚಯದ ಜಾಗಕ್ಕೆ ಬರುತ್ತೆ.

ಸ್ಟೀಮ್ ಫ್ಯಾಕ್ಟರಿಯಲ್ಲಿ ಇದ್ದವರು ಬರೀ ದೇಶೀ ಕಮ್ಮಾರರು, ಎರಕದವರು, ಬಡಗಿಗಳು ಮಾತ್ರ ಅಲ್ಲ. ಇಂಗ್ಲೆಂಡಿನಿಂದ ಬಂದ ಇಂಜಿನಿಯರುಗಳು, ಬಾಯ್ಲರ್ ಕೆಲಸದವರೂ ಇದ್ದರು. ಇವರೆಲ್ಲರ ಮೇಲೆ ಒಬ್ಬ ಪಾರ್ಸಿ. 'ಬಾಂಬೆ ಟೈಮ್ಸ್' ಪತ್ರಿಕೆಗೆ (ಅದೇ ಮುಂದೆ ಟೈಮ್ಸ್ ಆಫ್ ಇಂಡಿಯಾ ಆದದ್ದು) ಇದು ಸರಿ ಕಾಣಲಿಲ್ಲ. ನೇಟಿವ್ ಎಷ್ಟೇ ಓದಿರಲಿ, ಎಷ್ಟೇ ಜಾಣನಿರಲಿ, ಇಂಗ್ಲಿಷ್ ಕೆಲಸಗಾರರ ಒಂದು ದಂಡನ್ನು ನಡೆಸಿ, ಕೆಲಸ ಹೇಳಿ, ಶಿಸ್ತಿನಲ್ಲಿಡೋದು ಅವನಿಂದ ಆದೀತೇ ಅನ್ನೋದು ಅದರ ಆಕ್ಷೇಪದ ಸಾರ.

ಈ ಆಕ್ಷೇಪವನ್ನು ನಿಧಾನ ಬಿಡಿಸಿ ನೋಡಿ. ಎಂಜಿನ್ ಗೊತ್ತಿಲ್ಲ ಅಂತ ಅವರು ಹೇಳ್ತಿಲ್ಲ. ಅದನ್ನು ಹೇಳೋ ಹಾಗೇ ಇರಲಿಲ್ಲ, ಲಂಡನ್ನಿನಲ್ಲೇ ಕಲಿತು, ಲಂಡನ್ನಿನ ದೊಡ್ಡ ದೊಡ್ಡವರ ಒಪ್ಪಿಗೆ ಪಡೆದು ಬಂದ ಮನುಷ್ಯ. ಪ್ರಶ್ನೆ ವಿದ್ಯೆಯದ್ದಲ್ಲ. ನಮ್ಮವರು ಇವನ ಮಾತು ಕೇಳಬೇಕೇ ಅನ್ನೋದು ಪ್ರಶ್ನೆ. ವಿದ್ಯೆ ಕಲಿತು ಉತ್ತರ ಕೊಡುವಂಥ ಪ್ರಶ್ನೆಯೇ ಅಲ್ಲ ಅದು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ವಿದೇಶಿ ಕ್ಲೈಂಟಿನ ಸಪೋರ್ಟ್ ತಂಡದಲ್ಲಿದ್ದೆ. ರಾತ್ರಿ ಪಾಳಿ. ಸಮಸ್ಯೆ ಏನು, ಎಲ್ಲಿದೆ, ಹೇಗೆ ಸರಿಮಾಡಬೇಕು ಎಲ್ಲ ಬರೆದು ಕಳಿಸಿದರೂ ಆ ಕಡೆಯಿಂದ ಒಂದು ಸಾಲು ಬರ್ತಿತ್ತು: ನಮ್ಮ ಕಡೆಯ ಇಂಜಿನಿಯರ್ ಒಬ್ಬರು ಇದನ್ನು ನೋಡಿ ಹೌದು ಅನ್ನಲಿ. ಅವರು ಮರುದಿನ ನೋಡಿ ಹೌದು ಅಂತಿದ್ದರು. ಅಷ್ಟು ಹೊತ್ತೂ ಸಿಸ್ಟಮ್ ಮಲಗಿರ್ತಿತ್ತು. ಯಾರೂ ಜೋರು ಮಾಡ್ತಿರಲಿಲ್ಲ, ಎಲ್ಲ ಬಹಳ ನಯ. ಆದರೆ ಆ 'ನಮ್ಮ ಕಡೆಯ' ಅನ್ನೋ ಮಾತು ಇದೆಯಲ್ಲ, ಅದರ ವಯಸ್ಸು ಎಷ್ಟು ಅಂತ ಗೊತ್ತಾದದ್ದು ಅರ್ದೇಶಿರ್ ಬಗ್ಗೆ ಓದಿದ ಮೇಲೆ.

ನನ್ನದು ಅವರದ್ದರ ಮುಂದೆ ಏನೂ ಅಲ್ಲ, ಅದೂ ಗೊತ್ತು. ನನಗೆ ಇಷ್ಟ ಬರದಿದ್ದರೆ ಕೆಲಸ ಬದಲಿಸಬಹುದಿತ್ತು, ಬದಲಿಸಿದೆ ಕೂಡ. ಅವರಿಗೆ ಇಡೀ ಏಷ್ಯಾದಲ್ಲಿ ಅಂಥ ಇನ್ನೊಂದು ಕುರ್ಚಿ ಹುಡುಕೋದು ಸುಲಭವಿರಲಿಲ್ಲ.

*

ಹಾಗಾದರೆ ಆ ಕುರ್ಚಿಯಲ್ಲಿ ಕೂತವರ ಕೆಲಸ ಏನು? ಮತ್ತೆ ಹಕ್ಕಳೆಗೆ ಬರೋಣ.

ಸಮುದ್ರದ ನೀರಿನಲ್ಲಿ ಸುಮಾರು 32 ಪಾಲಿಗೆ ಒಂದು ಪಾಲು ಉಪ್ಪು. ನೀರು ಆವಿಯಾಗಿ ಹೋಗುತ್ತೆ, ಉಪ್ಪು ಬಾಯ್ಲರಿನಲ್ಲೇ ಉಳಿಯುತ್ತೆ. ಕಡಿಮೆಯಾದ ನೀರಿನ ಜಾಗಕ್ಕೆ ಮತ್ತೆ ಸಮುದ್ರದ ನೀರನ್ನೇ ಬಿಡ್ತಾರೆ, ಮತ್ತಷ್ಟು ಉಪ್ಪು. ಹೀಗೆ ಬಿಟ್ಟರೆ ಸ್ವಲ್ಪ ದಿನದಲ್ಲಿ ಒಳಗೆಲ್ಲ ಕಲ್ಲಿನಂಥ ಪದರ. ಬೆಂಕಿಯ ಬಿಸಿ ನೀರಿಗೆ ದಾಟಲ್ಲ, ಕಬ್ಬಿಣದಲ್ಲೇ ನಿಲ್ಲುತ್ತೆ. ಕಬ್ಬಿಣ ಕೆಂಪಗೆ ಕಾದು, ಮೆತ್ತಗಾಗಿ, ಉಬ್ಬಿ, ಬಿರಿಯುತ್ತೆ. ಆಗಿನ ಹಡಗಿನ ಬಾಯ್ಲರುಗಳ ಒತ್ತಡ ನಮ್ಮ ಅಡುಗೆಮನೆ ಕುಕ್ಕರಿಗಿಂತ ಕಡಿಮೆ ಅಂದರೆ ನಂಬ್ತೀರಾ? ಆದರೂ ಒಳಗಿರೋದು ಟನ್‌ಗಟ್ಟಲೆ ಕುದಿಯುವ ನೀರು. ಬಿರಿದರೆ ಹತ್ತಿರ ಇದ್ದವರು ಉಳಿಯಲ್ಲ.

ಇದಕ್ಕೆ ಇದ್ದ ಉಪಾಯ ಒಂದೇ. ಗಂಟೆಗಂಟೆಗೆ ನೀರು ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋದು, ಲೆಕ್ಕ ಮೀರುವ ಮೊದಲು ತಳದ ನಲ್ಲಿ ತೆಗೆದು ಒಂದಷ್ಟು ಕುದಿಯುವ ಉಪ್ಪು ನೀರನ್ನು ಸಮುದ್ರಕ್ಕೆ ಊದಿಬಿಡೋದು. ಇಂಗ್ಲೆಂಡಿನಿಂದ ಆಫ್ರಿಕಾ ಸುತ್ತಿ ತಂದ ದುಬಾರಿ ಕಲ್ಲಿದ್ದಲಿನಲ್ಲಿ ಕಾಯಿಸಿದ ನೀರು ಅದು! ಹೆಚ್ಚು ಬಿಟ್ಟರೆ ಕಲ್ಲಿದ್ದಲು ದಂಡ, ಏಡನ್ ಸಿಗೋ ಮೊದಲೇ ಖಾಲಿಯಾಗಬಹುದು. ಕಡಿಮೆ ಬಿಟ್ಟರೆ ಬಾಯ್ಲರ್ ಹೋಗುತ್ತೆ. ಇವತ್ತಿನ ಖರ್ಚು ಉಳಿಸಿದರೆ ನಾಳೆಯ ಹಡಗು ಹಾಳು. ಆವಿಯನ್ನು ತಣಿಸಿ ಅದೇ ಸಿಹಿನೀರನ್ನು ಮತ್ತೆ ಮತ್ತೆ ಬಳಸುವ ವ್ಯವಸ್ಥೆ ಎಲ್ಲ ಕಡೆ ಹರಡಿದ್ದು 1860ರ ದಶಕದಲ್ಲಿ. ಅರ್ದೇಶಿರ್ ಇದ್ದಷ್ಟೂ ಕಾಲ ಇದೇ ಲೆಕ್ಕಾಚಾರ.

ಹಡಗು ಬಂದರಿಗೆ ಬಂತು ಅನ್ನಿ. ಬಾಯ್ಲರ್ ತಣ್ಣಗಾಗಬೇಕು. ಆಮೇಲೆ ಅದರೊಳಗೆ ಮನುಷ್ಯ ತೂರಬೇಕು. ಬೊಂಬಾಯಿಯ ಸೆಕೆಯಲ್ಲಿ ದೀಪ ಹಿಡಿದು, ಬೆಂಕಿಯ ಹೊಗೆ ಹಾಯುವ ದಾರಿಗಳ ನಡುವಿನ ಇಕ್ಕಟ್ಟಿನಲ್ಲಿ ಮಲಗಿಕೊಂಡು, ಸುತ್ತಿಗೆ ಉಳಿಯಲ್ಲಿ ಹಕ್ಕಳೆ ಕುಟ್ಟಿ ತೆಗೀಬೇಕು. ಜೋರಾಗಿ ಕುಟ್ಟಿದರೆ ಸವೆದ ಕಬ್ಬಿಣವೂ ಕೂಡೇ ಬರುತ್ತೆ. ತೆಗೆದ ಮೇಲೆ ತಟ್ಟಿ ಸದ್ದು ಕೇಳಬೇಕು, ಎಲ್ಲಿ ತೆಳ್ಳಗಾಗಿದೆ ಅಂತ. ತೆಳ್ಳಗಾದ ಕಡೆ ಹೊಸ ತಗಡು ಇಟ್ಟು ರಿವೆಟ್ ಹೊಡೀಬೇಕು. ಹೊರಗೆ ಪ್ಯಾಡಲ್ ಚಕ್ರದ ಹಲಗೆಗಳು ಅಲೆಗೆ ಮುರಿದಿರುತ್ತವೆ. ಒಳಗೆ ಹಿತ್ತಾಳೆ ಬೇರಿಂಗುಗಳು ಸವೆದು ಶಾಫ್ಟ್ ಒಂದು ಕೂದಲಷ್ಟು ವಾಲಿರುತ್ತೆ. ಆ ಕೂದಲು ಮುಂದಿನ ಸಲ ಸಮುದ್ರದ ಮಧ್ಯೆ ಒಂದು ಇಂಚಾಗುತ್ತೆ.

ಒಂದು ಭಾಗ ಮುರಿದೇ ಹೋದರೆ? ಇಂಗ್ಲೆಂಡಿಗೆ ಬರೆದು ತರಿಸಬಹುದು. ಪತ್ರ ಹೋಗಿ, ಅಲ್ಲಿ ಮಾಡಿ, ಹಾಯಿ ಹಡಗಿನಲ್ಲಿ ಬರೋ ಹೊತ್ತಿಗೆ ಹತ್ತಿರ ಹತ್ತಿರ ಒಂದು ವರ್ಷ. ಅದಕ್ಕೇ ಸ್ಟೀಮ್ ಫ್ಯಾಕ್ಟರಿಯ ಜೊತೆಗೆ ಫೌಂಡ್ರಿ ಇದ್ದದ್ದು. ಮುರಿದ ಭಾಗ ನೋಡಿ ಬಡಗಿ ಮರದಲ್ಲಿ ಅದರ ಮಾದರಿ ಕೆತ್ತುತ್ತಾನೆ. ಕಬ್ಬಿಣ ಆರಿದಾಗ ಕುಗ್ಗುತ್ತೆ ಅಂತ ಲೆಕ್ಕ ಹಿಡಿದು ಸ್ವಲ್ಪ ದೊಡ್ಡದಾಗಿ. ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡ್ತಾರೆ, ಕರಗಿದ ಕಬ್ಬಿಣ ಹೊಯ್ಯುತ್ತಾರೆ, ಆಮೇಲೆ ಲೇತಿನಲ್ಲಿ ತಿರುವಿ ಅಳತೆಗೆ ತರ್ತಾರೆ. ಇಷ್ಟಕ್ಕೂ ಡ್ರಾಯಿಂಗ್ ಕೈಯಲ್ಲಿ ಇರುತ್ತೆ ಅಂತೇನಿಲ್ಲ. ಒಂದೊಂದು ಹಡಗಿನ ಎಂಜಿನ್ ಒಂದೊಂದು ಕಾರ್ಖಾನೆಯದ್ದು, ಒಂದರ ಬೋಲ್ಟು ಇನ್ನೊಂದಕ್ಕೆ ಕೂರಲ್ಲ. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡ್ ನೋಡಿಕೊಳ್ಳುವವರಿಗೆ ಇದರ ಕಷ್ಟ ವಿವರಿಸಬೇಕಾಗಿಲ್ಲ.

ಇದೆಲ್ಲ ಕೈಯ ಕೆಲಸ, ಮಾಡೋರು ಬೇರೆಯವರು. ಮೇಲಿರೋನ ಕೆಲಸ ಇದಕ್ಕಿಂತ ಕಷ್ಟ. ಟಪಾಲು ಹಡಗು ಹೊರಡುವ ದಿನ ಮೊದಲೇ ಗೊತ್ತಾಗಿರುತ್ತೆ. ಸರ್ಕಾರದ ಪತ್ರಗಳು, ವ್ಯಾಪಾರಿಗಳ ಹುಂಡಿಗಳು, ಪ್ರಯಾಣಿಕರು ಎಲ್ಲ ಕಾಯ್ತಾ ಇರ್ತಾರೆ. ಕ್ಯಾಪ್ಟನ್‌ಗೆ ಹೊರಡಬೇಕು. ಬಾಯ್ಲರ್ ಇನ್ನೊಂದು ಸಲ ತಡೆಯಬಹುದು, ತಡೆಯದೇನೂ ಇರಬಹುದು. ಹೋಗಲಿ ಅನ್ನಬೇಕೋ ಬೇಡ ಅನ್ನಬೇಕೋ? ಬೇಡ ಅಂದರೆ ಎಲ್ಲರ ಬಾಯಿಗೂ ಸಿಕ್ಕಬೇಕು, 'ನಾವು ಮೊದಲೇ ಹೇಳಿರಲಿಲ್ಲವೇ' ಅನ್ನೋಕೆ ಪತ್ರಿಕೆ ರೆಡಿ ಇದೆ. ಹೋಗಲಿ ಅಂದು ಏನಾದರೂ ಆದರೆ ಅದು ಇನ್ನೂ ಕೆಟ್ಟದ್ದು. ಬೇಡ ಅಂದದ್ದು ಸರಿ ಅಂತ ತೋರಿಸೋಕೆ ಯಾವ ಪುರಾವೆಯೂ ಸಿಗಲ್ಲ. ಆಗದ ಅಪಘಾತಕ್ಕೆ ಸಾಕ್ಷಿ ಎಲ್ಲಿಂದ ತರ್ತೀರಿ?

ಸಮುದ್ರ ಅಂದರೇನು ಅನ್ನೋದನ್ನು ಆಗಿನವರಿಗೆ ಯಾರೂ ನೆನಪಿಸಬೇಕಿರಲಿಲ್ಲ. 1847ರ ಏಪ್ರಿಲ್‌ನಲ್ಲಿ ಕಂಪನಿಯ ಸ್ಟೀಮರ್ 'ಕ್ಲಿಯೋಪಾತ್ರ', ಕೈದಿಗಳನ್ನು ಸಿಂಗಪುರಕ್ಕೆ ಒಯ್ಯುತ್ತಿದ್ದಾಗ ಮಲಬಾರ್ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ, ಒಳಗಿದ್ದ ಜನರೊಡನೆ ಮುಳುಗಿಹೋಯ್ತು. ಅದು ಗಾಳಿಯ ಕೆಲಸ, ವರ್ಕ್‌ಶಾಪಿನದ್ದಲ್ಲ. ಆದರೆ ಹೋದ ಹಡಗು ಬರದೇ ಇರಬಹುದು ಅನ್ನೋದನ್ನು ಕಣ್ಣಾರೆ ಕಂಡವರಿಗೆ ಮುಂದಿನ ಹಡಗಿನ ಕಾಗದಕ್ಕೆ ಸಹಿ ಹಾಕುವಾಗ ಕೈ ಹಗುರ ಇರೋಕೆ ಸಾಧ್ಯವಿಲ್ಲ.

*

ಇಷ್ಟು ಬರೆದು ಸುಮ್ಮನಾದರೆ ಅರ್ಧ ಸತ್ಯ ಹೇಳಿದ ಹಾಗೆ. ಈ ಹಡಗುಗಳು ಟಪಾಲು ಮಾತ್ರ ಒಯ್ಯುತ್ತಿರಲಿಲ್ಲ. ಚೀನಾದ ಮೇಲೆ ಅಫೀಮಿಗಾಗಿ ನಡೆದ ಮೊದಲ ಯುದ್ಧಕ್ಕೆ ಬೊಂಬಾಯಿಯ ಸ್ಟೀಮರುಗಳು ಹೋದವು. 1852ರಲ್ಲಿ ಬರ್ಮಾಕ್ಕೆ ಹೋದವು. ಆಮೇಲೆ ಪರ್ಷಿಯಾಕ್ಕೂ. ವಾಡಿಯಾಗಳೇ ಕಟ್ಟಿದ್ದ 'ಕಾರ್ನ್‌ವಾಲಿಸ್' ಹಡಗಿನ ಮೇಲೆ 1842ರಲ್ಲಿ ಚೀನಾದವರು ನಾನ್ಕಿಂಗ್ ಒಪ್ಪಂದಕ್ಕೆ ಸಹಿ ಹಾಕಬೇಕಾಯ್ತು. ಯಾರ ಕೈಕೆಳಗೆ ಗೌರವಕ್ಕಾಗಿ ಹೆಣಗಬೇಕಿತ್ತೋ ಅವರದ್ದೇ ಸಾಮ್ರಾಜ್ಯದ ಎಂಜಿನ್ ನಿಲ್ಲದ ಹಾಗೆ ನೋಡಿಕೊಂಡವರು ಇವರು.

ಇದರ ಬಗ್ಗೆ ಅರ್ದೇಶಿರ್ ಒಳಗೊಳಗೆ ಏನಂದುಕೊಂಡರು ಅಂತ ಊಹೆ ಮಾಡಿ ಅವರ ಬಾಯಿಗೆ ಮಾತು ತುರುಕೋಕೆ ನನಗೆ ಇಷ್ಟ ಇಲ್ಲ. ಕೂತಲ್ಲಿಂದ ತೀರ್ಪು ಕೊಡೋದೂ ಸುಲಭ. ನಾವು ಬರೆಯುವ ಕೋಡ್ ಯಾರ ಜೇಬಿಗೆ, ಯಾರ ಫೋನಿಗೆ, ಯಾರ ಸಾಲದ ಲೆಕ್ಕಕ್ಕೆ ಹೋಗುತ್ತೆ ಅಂತ ನಮ್ಮಲ್ಲಿ ಎಷ್ಟು ಜನ ಕೇಳ್ತೀವಿ? ಟಿಕೆಟ್ ಬಂತು, ಸರಿ ಮಾಡಿದೆವು, ಕ್ಲೋಸ್ ಮಾಡಿದೆವು. ಒಳ್ಳೆಯ ಕೆಲಸಗಾರನಾಗಿರೋದು ಒಂದು, ಒಳ್ಳೆಯ ಕೆಲಸ ಮಾಡೋದು ಇನ್ನೊಂದು. ಎರಡೂ ಒಂದೇ ಕಡೆ ಸಿಗೋದು ಅದೃಷ್ಟ.

ಆದರೆ ಅವರ 16 ವರ್ಷಗಳಿಂದ ಇನ್ನೊಂದು ವಿಷಯವೂ ಆಯ್ತು. ಬೊಂಬಾಯಿ–ಠಾಣೆ ಮೊದಲ ರೈಲು ಓಡಿದ್ದು 1853ರಲ್ಲಿ. ಅದಕ್ಕೂ 12 ವರ್ಷ ಮೊದಲಿನಿಂದ ಅದೇ ಊರಿನಲ್ಲಿ ಒಬ್ಬ ಭಾರತೀಯನ ಉಸ್ತುವಾರಿಯಲ್ಲಿ ಭಾರತೀಯ ಕೈಗಳು ಎಂಜಿನ್ ಬಿಚ್ಚಿ ಜೋಡಿಸ್ತಾ ಇದ್ದವು. ಎಂಜಿನ್ ಅನ್ನೋದು ಬಿಳಿಯರ ಮಂತ್ರ ಅಲ್ಲ, ಬಿಚ್ಚಿದರೆ ಒಳಗಿರೋದು ಪಿಸ್ಟನ್, ಕವಾಟ, ಎಣ್ಣೆ ಜಿಡ್ಡು ಅಂತ ಆ ಕೈಗಳಿಗೆ ಗೊತ್ತಿತ್ತು. ಅವರ ಹೆಸರುಗಳು ನಮ್ಮ ಪಾಠಗಳಿಗೆ ಬರಲೇ ಇಲ್ಲ. ಅರ್ದೇಶಿರ್ ಮನೆಯ ಹತ್ತಿರವೂ ಒಂದು ಫೌಂಡ್ರಿ ಇಟ್ಟುಕೊಂಡಿದ್ದರು. 1851ರಲ್ಲಿ ಮನೆತನದ ಹೆಸರಿನಲ್ಲೇ 'ಲವ್‌ಜಿ ಫ್ಯಾಮಿಲಿ' ಅನ್ನೋ ಸ್ಟೀಮರ್ ನೀರಿಗಿಳಿಯಿತು. ಅದರ ಯಂತ್ರದ ಭಾಗಗಳು ಆ ಸ್ವಂತ ಫೌಂಡ್ರಿಯಲ್ಲೇ ತಯಾರಾದವು. ಇಂಗ್ಲೆಂಡಿನಿಂದ ಪಾರ್ಸೆಲ್ ಬರಲಿ ಅಂತ ಕಾಯೋ ಅಗತ್ಯ ಇಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಯಾವ ಪತ್ರಿಕೆಗೆ ಬೇಕಿತ್ತು?

ಇದು ಹೊಸದಾಗಿ ಕಟ್ಟಿದವರಿಗೆ ಹೊಳೆಯೋದಲ್ಲ, ರಿಪೇರಿ ಮಾಡಿದವರಿಗೆ ಹೊಳೆಯೋದು. ನಮ್ಮೂರಿನಲ್ಲಿ ತೋಟದ ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬರಿದ್ದರು. ಯಾವ ಕಂಪನಿಯ ಎಂಜಿನ್ನೇ ಇರಲಿ, ಎಲ್ಲಿ ಸವೆಯುತ್ತೆ, ಮಾಡಿದವರು ಎಲ್ಲಿ ಜಿಪುಣತನ ಮಾಡಿದ್ದಾರೆ ಅಂತ ಸದ್ದು ಕೇಳಿಯೇ ಹೇಳೋರು. 'ಮಾಡಿದವಂಗೆ ಎಂಜಿನ್ ಒಂದು ದಿನ ಗೊತ್ತು, ನಂಗೆ ಹತ್ತು ವರ್ಷ ಗೊತ್ತು ಮಾರಾಯಾ' ಅನ್ನೋರು. ಬಿಇ ಮುಗಿಸಿ ಇಷ್ಟು ವರ್ಷ ಆದ ಮೇಲೂ ಇಂಜಿನಿಯರಿಂಗ್ ಬಗ್ಗೆ ಇಷ್ಟು ನೇರವಾದ ಮಾತು ನಾನು ಇನ್ನೊಂದು ಕೇಳಿಲ್ಲ.

*

ಮಿಕ್ಕ ಕಥೆ ಬೇಗ ಮುಗಿಯುತ್ತೆ. 1849ರಲ್ಲಿ ಅರ್ದೇಶಿರ್ ಮತ್ತೆ ಇಂಗ್ಲೆಂಡಿಗೆ, ಅಲ್ಲಿಂದ ಅಮೆರಿಕಕ್ಕೂ ಹೋಗಿ ಬಂದರು. ಹೊಲಿಗೆ ಯಂತ್ರ, ಫೋಟೋಗ್ರಫಿ, ಎಲೆಕ್ಟ್ರೋಪ್ಲೇಟಿಂಗ್ ಇವನ್ನೆಲ್ಲ ಬೊಂಬಾಯಿಗೆ ಪರಿಚಯಿಸಿದವರಲ್ಲಿ ಅವರ ಹೆಸರು ಬರುತ್ತೆ. 1855ರಲ್ಲಿ ಜಸ್ಟಿಸ್ ಆಫ್ ದಿ ಪೀಸ್ ಆದರು. 1857ರ ಆಗಸ್ಟ್‌ನಲ್ಲಿ ನಿವೃತ್ತಿ. ಉತ್ತರ ಭಾರತದಲ್ಲಿ ಕಂಪನಿಯ ಬುಡವೇ ಅಲ್ಲಾಡ್ತಿದ್ದ ತಿಂಗಳು ಅದು.

ಸುಮ್ಮನೆ ಕೂರೋ ಜಾತಿಯವರಲ್ಲ. 1861ರಲ್ಲಿ, ಅಂದರೆ ಅತ್ತ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯ ಹುಟ್ಟಿದ ವರ್ಷ, ಸಿಂಧ್‌ನ ಕೋಟ್ರಿಗೆ ಹೋಗಿ ಇಂಡಸ್ ಫ್ಲಾಟಿಲ್ಲಾ ಕಂಪನಿಯ ಸೂಪರಿಂಟೆಂಡಿಂಗ್ ಇಂಜಿನಿಯರ್ ಆದರು. ಈ ಸಲ ಸಮುದ್ರ ಅಲ್ಲ, ಸಿಂಧೂ ನದಿಯ ಸ್ಟೀಮರುಗಳು. ಕೆಲಸ ಅದೇ, ಬೇರೆಯವರ ಎಂಜಿನ್ ಓಡುವ ಹಾಗೆ ಇಡೋದು. 1863ರಲ್ಲಿ ಅದನ್ನೂ ಬಿಟ್ಟು ಇಂಗ್ಲೆಂಡಿನ ರಿಚ್ಮಂಡ್ ಸೇರಿದರು. 1877ರ ನವೆಂಬರ್ 16ರಂದು ಅಲ್ಲೇ ತೀರಿಕೊಂಡರು.

ಕಟ್ಟಿದ ಹಡಗು ಕಣ್ಣಿಗೆ ಕಾಣುತ್ತೆ. ಹಾರ್ಟ್ಲ್‌ಪೂಲ್‌ಗೆ ಹೋದವರು ಟ್ರಿಂಕೋಮಲಿಯ ಪಕ್ಕ ನಿಂತು ಸೆಲ್ಫಿ ತೆಗೆಯಬಹುದು. 16 ವರ್ಷ ಕೆರೆದು ತೆಗೆದ ಹಕ್ಕಳೆಗೆ, ಹಾಕಿದ ರಿವೆಟ್ಟಿಗೆ, 'ಈ ಸಲ ಹೊರಡೋದು ಬೇಡ' ಅಂದ ಮಾತಿಗೆ ಮ್ಯೂಸಿಯಂ ಇಲ್ಲ. ಸರಿಯಾಗಿ ಮಾಡಿದ ಮೇಂಟೆನೆನ್ಸ್ ಅಂದರೆ ಏನೂ ಆಗದೇ ಇರೋದು. ಏನೂ ಆಗದಿದ್ದಕ್ಕೆ ಯಾರು ಫಲಕ ಹಾಕ್ತಾರೆ? ಅಪ್ರೈಸಲ್ಲಿನಲ್ಲಿ ಹೊಸ ಫೀಚರ್ ಕಟ್ಟಿದವನಿಗೆ ಚಪ್ಪಾಳೆ, ಇಡೀ ವರ್ಷ ಸಿಸ್ಟಮ್ ಬೀಳದ ಹಾಗೆ ನೋಡಿಕೊಂಡವಳಿಗೆ 'ಈ ವರ್ಷ ವಿಶೇಷ ಏನು ಮಾಡಿದಿರಿ' ಅನ್ನೋ ಪ್ರಶ್ನೆ. ಆ ಪ್ರಶ್ನೆ ಕೇಳಿಸಿಕೊಂಡವರು ನಿಮ್ಮ ತಂಡದಲ್ಲೂ ಒಬ್ಬರಾದರೂ ಇರ್ತಾರೆ.

ಅರ್ದೇಶಿರ್‌ಗೆ ಮಾತ್ರ ಒಂದು ಸಣ್ಣ ಗುರುತು ಸಿಕ್ಕಿತು. 1969ರ ಮೇ 27ರಂದು, ರಾಯಲ್ ಸೊಸೈಟಿ ಅವರನ್ನು ಆರಿಸಿದ ಅದೇ ತಾರೀಖಿಗೆ, ಭಾರತದ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಒಂದು ಅಂಚೆಚೀಟಿ ತಂದಿತು. ಕೊಟ್ಟದ್ದು ಫೆಲೋಶಿಪ್ಪಿನ ನೆನಪಿಗೇ ಇರಬಹುದು. ಆದರೆ ಟಪಾಲು ಹಡಗು ನಿಲ್ಲದ ಹಾಗೆ 16 ವರ್ಷ ನೋಡಿಕೊಂಡ ಮನುಷ್ಯನಿಗೆ ಟಪಾಲಿನವರೇ ಕೊಟ್ಟ ಗೌರವ ಅದು. ಬೇರೆ ಯಾರು ಮರೆತರೂ ಅವರು ಮರೆಯಬಾರದಿತ್ತು, ಮರೆಯಲಿಲ್ಲ.